ಪರವಾಗಿಲ್ಲಪ್ಪನ ಪಟ್ಟೆ ಗಾಡಿ

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು. ಅಲ್ಲಿಂದ ಈಚೆಗೆ ಅದನ್ನು ಯಾರೂ ತಂದಿರಲಿಲ್ಲ. ಕಾರ್ಖಾನೆಯ ಗೇಟಿನ ಕಾವಲುಗಾರನಿಂದ ಹಿಡಿದು ಮೇಲ್ಮಹಡಿಯ ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವನು ಪರವಾಗಿಲ್ಲಪ್ಪ. ಈ ಬಿರುದನ್ನು ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ, ಅವನು ದುಡಿದು ಸಂಪಾದಿಸಿದ್ದು.

ಕಾರು ತಯಾರಿಸುವ ಆ ಕಂಪನಿಯಲ್ಲಿ ಅವನ ಕೆಲಸವೆಂದರೆ ಹೊಸ ಗಾಡಿಗಳನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಓಡಿಸಿ, ಒಳಗೆ ಕೂತವರ ಮೈಗೂ ಮನಸ್ಸಿಗೂ ಏನನ್ನಿಸುತ್ತದೆ ಎಂದು ಹೇಳುವುದು. ಸೀಟು ಹೇಗಿದೆ ಎಂದು ಕೇಳಿದರೆ "ಪರವಾಗಿಲ್ಲ ಸಾರ್" ಎನ್ನುತ್ತಿದ್ದ. ಸ್ಟೀರಿಂಗ್ ಹೇಗಿದೆ ಎಂದರೂ ಪರವಾಗಿಲ್ಲ. ಒಮ್ಮೆ ಬ್ರೇಕು ಹಿಡಿಯದೆ ಗಾಡಿ ಮರಳಿನ ಗುಡ್ಡೆಗೆ ನುಗ್ಗಿತು. ಜನ ಹಾಹಾಕಾರ ಮಾಡುತ್ತ ಓಡಿಬಂದರೆ, ಇವನು ಕಿಟಕಿಯಿಂದ ತೂರಿಕೊಂಡು ಹೊರಬಂದು, ಕನ್ನಡಕದ ಮರಳು ಒರೆಸಿಕೊಳ್ಳುತ್ತ, "ಮರಳು ಮೆತ್ತಗಿತ್ತು ಸಾರ್, ಪರವಾಗಿಲ್ಲ" ಎಂದಿದ್ದ. ಯಾರ ಮನಸ್ಸನ್ನೂ ನೋಯಿಸಬಾರದು ಎಂಬುದು ಅವನ ಸ್ವಭಾವ. ಅದರಲ್ಲಿ ಗಾಡಿಗಳೂ ಸೇರಿದ್ದವು.

ಆ ವರ್ಷ ಕಂಪನಿ ಒಂದು ದೊಡ್ಡ ಸಾಹಸಕ್ಕೆ ಕೈ ಹಾಕಿತ್ತು. ಕಾರಿಗಿಂತ ಎತ್ತರ, ಜೀಪಿಗಿಂತ ತಗ್ಗು. ಊರೊಳಗೂ ಓಡಬೇಕು, ಕಲ್ಲುಮಣ್ಣಿನ ಹಾದಿಯಲ್ಲೂ ಓಡಬೇಕು. ತೀರಾ ದೊಡ್ಡದಾಗಬಾರದು, ಚಿಕ್ಕದೂ ಆಗಬಾರದು. ಕ್ರಾಸ್‌ಓವರ್ ಎಂದು ಅದರ ಜಾತಿ. ನಲವತ್ತು ದೇಶಗಳಲ್ಲಿ ಒಂದೇ ಸಲ ಬಿಡುಗಡೆ ಮಾಡಬೇಕೆಂದು ಹಟ. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ. ಒಂದು ದೇಶಕ್ಕೆ ಹಿಡಿಸಿದ ಹೆಸರು ಇನ್ನೊಂದು ದೇಶಕ್ಕೆ ಹಿಡಿಸುತ್ತಿರಲಿಲ್ಲವಾಗಿ, ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು "ಆ ವಸ್ತು" ಎನ್ನುತ್ತಿದ್ದರು.

ಆ ವಸ್ತುವಿಗೆ ಒಂದು ವಿಚಿತ್ರ ಕಾಯಿಲೆ ಅಂಟಿತ್ತು. ಮಾರಾಟದ ಮುಖ್ಯಸ್ಥೆ, ಎಲ್ಲರೂ ಮಾರಾಟದ ಮೇಡಂ ಎನ್ನುತ್ತಿದ್ದಾಕೆ, ದೇಶದೇಶಗಳ ಜನರನ್ನು ಅದರಲ್ಲಿ ಕೂರಿಸಿ ಅಭಿಪ್ರಾಯ ಕೇಳಿಸಿದ್ದಳು. ಕೂತವರೆಲ್ಲ "ಚೆನ್ನಾಗಿದೆ" ಎಂದು ನಕ್ಕು, ಇಳಿದು, ಬೇರೆ ಕಂಪನಿಯ ಅಂಗಡಿಗೆ ಹೋಗುತ್ತಿದ್ದರು. ಏನು ಕೊರತೆ ಎಂದು ಒಬ್ಬರೂ ಬಾಯಿಬಿಡುತ್ತಿರಲಿಲ್ಲ.

ಶುಕ್ರವಾರ ದೊಡ್ಡ ಸಾಹೇಬರು ಪರವಾಗಿಲ್ಲಪ್ಪನನ್ನು ಕರೆಸಿದರು.

"ಸೋಮವಾರ ಬೆಳಿಗ್ಗೆ ಎಲ್ಲ ದೇಶದ ವಿತರಕರೂ ಇಲ್ಲಿಗೆ ಬರ್ತಾರೆ. ಎರಡು ದಿನ ಗಾಡಿ ನಿನ್ನ ಹತ್ರ ಇರ್ಲಿ. ಊರೆಲ್ಲ ಓಡಿಸು. ಅನ್ನಿಸಿದ್ದನ್ನ ಜೋರಾಗಿ ಹೇಳ್ತಾ ಹೋಗು, ಒಳಗೆ ರೆಕಾರ್ಡರ್ ಇದೆ. ಒಬ್ಬನೇ ಓಡಿಸ್ಬೇಕು. ಹೊರಗಿನವರು ಯಾರೂ ಹತ್ತಬಾರ್ದು. ಯಾವ ಕಂಪನಿದು, ಏನು, ಎತ್ತ ಅಂತ ಯಾರ ಹತ್ರಾನೂ ಉಸಿರೆತ್ತಬಾರ್ದು. ತಿಳೀತಾ?"

"ಆಗ್ಲಿ ಸಾರ್."

"ಸೋಮವಾರ ಆ ರೆಕಾರ್ಡಿಂಗನ್ನ ಎಲ್ಲರ ಮುಂದೆ ಹಾಕಿಸ್ತೀನಿ. ಅದರಲ್ಲಿ ಒಂದೇ ಒಂದು ಪರವಾಗಿಲ್ಲ ಕೇಳಿಸ್ತೋ, ಮಂಗಳವಾರದಿಂದ ನೀನು ನಟ್ಟುಬೋಲ್ಟಿನ ಗೋಡೌನಿಗೆ. ಅಲ್ಲಿ ಕೂತು ಬೋಲ್ಟುಗಳನ್ನ ಸಮಾಧಾನ ಮಾಡ್ತಾ ಇರು."

ಗೋಡೌನಿಗೆ ಹೋದವರು ಮತ್ತೆ ಸ್ಟೀರಿಂಗ್ ಮುಟ್ಟಿದ ದಾಖಲೆ ಇರಲಿಲ್ಲ. ಗಾಡಿ ಓಡಿಸುವುದೊಂದೇ ಪರವಾಗಿಲ್ಲಪ್ಪನಿಗೆ ಜೀವನದಲ್ಲಿ ನಿಜವಾಗಿ ಗೊತ್ತಿದ್ದ, ನಿಜವಾಗಿ ಇಷ್ಟವಿದ್ದ ಕೆಲಸ. ಆದರೂ ಬಾಗಿಲು ದಾಟುವಾಗ, "ಗೋಡೌನೂ ಪರವಾ..." ಎಂದು ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡ.

ಇಷ್ಟೇ ಆಗಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಅದೇ ಶನಿವಾರ ಬೆಳಗಿನ ರೈಲಿಗೆ ಅವನ ಅತ್ತೆ ಬರುವವರಿದ್ದರು.

ಅತ್ತೆ ನಿವೃತ್ತ ಹೆಡ್‌ಮೇಡಂ. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಮಾರ್ಕು ಕೊಡುವುದರಿಂದ ಆಗಿರಲಿಲ್ಲ. ಊಟ, ಹವಾಮಾನ, ಡಾಕ್ಟರ ಕೈಗುಣ ಎಲ್ಲಕ್ಕೂ ನೂರಕ್ಕೆ ಇಷ್ಟು ಎಂದು ಆಗಲೇ ತೀರ್ಪು. ಮದುವೆಯ ದಿನ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೂವತ್ತೈದು" ಎಂದಿದ್ದರು. ಬರೀ ಪಾಸು. ಅಂದಿನಿಂದ ಇಂದಿನವರೆಗೆ ಅದು ಒಂದಂಕಿ ಮೇಲಕ್ಕೆ ಅಲುಗಿರಲಿಲ್ಲ. ಪರವಾಗಿಲ್ಲಪ್ಪ ಯಾವುದಕ್ಕೂ ಬೇಸರಪಟ್ಟುಕೊಳ್ಳದ ಮನುಷ್ಯ, ಆದರೆ ಈ ಮೂವತ್ತೈದು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಆ ಮುಳ್ಳಿನ ದೆಸೆಯಿಂದಲೇ ಹೋದ ತಿಂಗಳು ಅವನು ಫೋನಿನಲ್ಲಿ ಬಡಾಯಿ ಕೊಚ್ಚಿದ್ದ: "ಒಂದು ಹೊಸ ಗಾಡಿ ಬರ್ತಿದೆ ಅತ್ತೆ. ನನ್ನ ಸಹಿ ಇಲ್ಲದೆ ಅದು ಗೇಟು ದಾಟಲ್ಲ." ಅದು ಅಪ್ಪಟ ಸತ್ಯ. ಗಾಡಿ ಹೊರಗೆ ತೆಗೆಯುವಾಗ ಕಾವಲುಗಾರ ಅವನಿಂದ ಸಹಿ ಹಾಕಿಸಿಕೊಳ್ಳುತ್ತಿದ್ದ. ಆದರೆ ಅತ್ತೆಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಸಹಿ ಹಾಕಿ ಗಾಡಿ ಹೊರಗೆ ತರುವುದೆಂದರೆ ಅದನ್ನು ಕೊಳ್ಳುವುದು. "ನಾನು ಬಂದು ನೋಡೋ ತನಕ ಒಪ್ಕೋಬೇಡಿ ಅಳಿಯಂದ್ರೆ," ಎಂದು ಅವರು ರೈಲು ಟಿಕೆಟ್ ಮಾಡಿಸಿಬಿಟ್ಟರು. ಆಗಲೇ "ನನ್ನದಲ್ಲ ಅತ್ತೆ" ಅನ್ನಬಹುದಿತ್ತು. ಅಂದಿದ್ದರೆ ಮೂವತ್ತೈದು ಎಷ್ಟಕ್ಕೆ ಇಳಿಯುತ್ತಿತ್ತೋ ಎಂದು ಹೆದರಿ ಅವನು ಸುಮ್ಮನಿದ್ದ.

ಶನಿವಾರ ಬೆಳಿಗ್ಗೆ ಬೀದಿಯವರು ಎದ್ದು ನೋಡಿದರೆ ಪರವಾಗಿಲ್ಲಪ್ಪನ ಮನೆ ಮುಂದೆ ಆ ವಸ್ತು ನಿಂತಿತ್ತು. ಹೊಸ ಗಾಡಿಯ ಆಕಾರ ಯಾರ ಕ್ಯಾಮೆರಾಕ್ಕೂ ಸಿಗಬಾರದೆಂದು ಕಂಪನಿಗಳು ಅದರ ಮೈಗೆಲ್ಲ ಕಪ್ಪುಬಿಳಿ ಸುರುಳಿ ಪಟ್ಟೆಗಳ ಹಾಳೆ ಅಂಟಿಸುತ್ತವೆ. ದೃಷ್ಟಿಯಿಟ್ಟು ನೋಡಿದವರಿಗೆ ಮುಂದು ಯಾವುದು, ಹಿಂದು ಯಾವುದು ತಿಳಿಯದೆ ತಲೆ ಸುತ್ತಬೇಕು. ಕಂಪನಿಯ ಉದ್ದೇಶ ಆ ಬೀದಿಯಲ್ಲಿ ಪೂರ್ತಿ ನೆರವೇರಿತು. ಹಾಲಿನವನು ಸೈಕಲ್ ಸಮೇತ ಕಂಬಕ್ಕೆ ಗುದ್ದಿಕೊಂಡ.

ಮೇಲಿನ ಮನೆಯ ವಕೀಲರು ಬಾಲ್ಕನಿಯಿಂದ ಬಗ್ಗಿ, "ಏನ್ ಸ್ವಾಮಿ, ಗಾಡಿಗೆ ಚರ್ಮರೋಗವೇ?" ಎಂದರು. ದಪ್ಪ ಆಳು, ಕೋರ್ಟಿಲ್ಲದ ದಿನವೂ ಕರಿಕೋಟು ಬಿಚ್ಚದವರು. ಉತ್ತರಕ್ಕೆ ಕಾಯದೆ ಕೆಳಗಿಳಿದು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. "ಸ್ಟೇಷನ್ ಕಡೆಗಾ? ನಡೀರಿ, ನಾನೂ ಗಾಳಿ ಸೇವಿಸಿದ ಹಾಗಾಯ್ತು." ಅವರ ಪಕ್ಕದಲ್ಲಿ ಉಳಿದ ಚೂರು ಜಾಗದಲ್ಲಿ ಪರವಾಗಿಲ್ಲಪ್ಪನ ಹೆಂಡತಿ ಕೂತಳು.

ಯಾರೂ ಹತ್ತಬಾರದ ಗಾಡಿಯಲ್ಲಿ ಆಗಲೇ ಇಬ್ಬರು. ಪರವಾಗಿಲ್ಲಪ್ಪ ಎಂಜಿನ್ ಚಾಲೂ ಮಾಡಿದ. ಮುಂದಿನ ಫಲಕದಲ್ಲಿ ರೆಕಾರ್ಡರಿನ ಕೆಂಪು ದೀಪ ಹೊತ್ತಿಕೊಂಡು ಅವನನ್ನೇ ದಿಟ್ಟಿಸಿತು. ಅದನ್ನು ಆರಿಸುವ ಗುಂಡಿ ಎಲ್ಲಿದೆಯೋ ಅವನಿಗೆ ತಿಳಿಯದು. ಅತ್ತ ನೋಡಿದ, ಇತ್ತ ನೋಡಿದ, ಜೇಬಿನಿಂದ ಕರವಸ್ತ್ರ ತೆಗೆದು ದೀಪದ ಮೇಲೆ ಹೊದಿಸಿದ. ದೀಪ ಕಾಣದಾಯಿತು. ದೀಪ ಕಾಣದಿದ್ದರೆ ರೆಕಾರ್ಡರ್ ಮಲಗಿದಂತೆ ಎಂದು ತೀರ್ಮಾನಿಸಿ ನೆಮ್ಮದಿಯಾಗಿ ಹೊರಟ. ಉತ್ತರ ಸಿಗದ ವಕೀಲರು ಹಿಂದಿನಿಂದ, "ಏನ್ ಸ್ವಾಮಿ, ಗಾಡಿಗೆ ಚರ್ಮರೋಗವೇ?" ಎಂದು ಮತ್ತೆ ಕೇಳಿದರು.

ಸ್ಟೇಷನ್ನಿನ ಹೊರಗೆ ಅತ್ತೆ ಟ್ರಂಕಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ರಾತ್ರಿಯೆಲ್ಲ ರೈಲಿನ ಹಲಗೆಯ ಮೇಲೆ ಕೂತು ಬಂದ ಸೊಂಟವನ್ನು ಒಂದು ಕೈಯಲ್ಲಿ ಹಿಡಿದಿದ್ದರು. ಪಟ್ಟೆ ಗಾಡಿ ಬಂದು ನಿಂತಿತು. ಪರವಾಗಿಲ್ಲಪ್ಪ ಇಳಿದು ಅವರ ಹತ್ತಿರ ಹೋದ.

"ಏನಿದು?"

"ಗಾಡಿ ಅತ್ತೆ."

"ಗಾಡಿ ಅಂತ ನನಗೂ ಕಾಣ್ಸುತ್ತೆ. ಇದಕ್ಕೆ ಏನಾಗಿದೆ?"

ಗುಟ್ಟು ಹೇಳುವಂತಿಲ್ಲ, ತನ್ನದಲ್ಲ ಎನ್ನುವಂತಿಲ್ಲ. "ಅದು... ಈ ಪಟ್ಟೆಗಳೆಲ್ಲ ಆಮೇಲೆ ಹೋಗ್ತವೆ ಅತ್ತೆ."

"ಹೋಗುತ್ತೆ ಅಂದಿದ್ದಕ್ಕೆ ಬಣ್ಣಕ್ಕೆ ಐದು ಮಾರ್ಕು," ಎಂದು ಅತ್ತೆ ಮುಂದಿನ ಬಾಗಿಲು ತೆಗೆದು ಕಾಲೆತ್ತಿದರು. ಕಾಲು ಅರ್ಧಕ್ಕೇ ನಿಂತಿತು. "ಈ ಹೊಸ್ತಿಲು ಯಾರ ಕಾಲಿಗೆ ಅಳತೆ ಮಾಡಿಟ್ಟಿದ್ದು? ಜಿರಾಫೆಗಾ?"

ಪರವಾಗಿಲ್ಲಪ್ಪ ಓಡಿಹೋಗಿ ಟ್ರಂಕನ್ನು ಮೆಟ್ಟಿಲಾಗಿ ಇಟ್ಟ. ಅತ್ತೆ ಅದರ ಮೇಲೆ ಕಾಲಿಟ್ಟು ಹತ್ತಿ ಕೂತರು. ಬಾಗಿಲು ಎಳೆದರು, ಮುಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಮೂರನೇ ಸಲ ಬಡಿದಾಗ ಸ್ಟೇಷನ್ನಿನ ಪಾರಿವಾಳಗಳೆಲ್ಲ ಎದ್ದುಹೋದವು. "ಒಂದು ಬಾಗಿಲು ಹಾಕೋಕೆ ಮನುಷ್ಯರಿಗೆ ಇಷ್ಟು ಸಿಟ್ಟು ಬರಬೇಕಾ? ನನ್ನ ಸ್ಕೂಲಲ್ಲಿ ಹೀಗೆ ಬಡಿದಿದ್ರೆ ಹೊರಗೆ ನಿಲ್ಲಿಸ್ತಿದ್ದೆ. ಬಾಗಿಲಿಗೆ ಹನ್ನೆರಡು."

ಗಾಡಿ ಹೊರಟಿತು. ಸೀಟಿನ ಪಟ್ಟಿ ಕಟ್ಟಿಕೊಳ್ಳಿ ಎಂದು ನೆನಪಿಸುವ ಗಂಟೆ ಟಿಣ್ ಟಿಣ್ ಎನ್ನತೊಡಗಿತು.

"ಯಾರದು ನಾನು ಮಾತಾಡೋವಾಗ ಮಧ್ಯೆ ಬಾಯಿ ಹಾಕೋದು?"

ಗಂಟೆ ಸುಮ್ಮನಾಗಲಿಲ್ಲ. ಅತ್ತೆಯ ಮಾತಿಗೆ ಸುಮ್ಮನಾಗದ ಮೊದಲ ವಸ್ತು ಅದು. ಮಗಳು ಹಿಂದಿನಿಂದ ಬಗ್ಗಿ ಪಟ್ಟಿ ಕಟ್ಟಿದ ಮೇಲೆ ಶಾಂತಿ ನೆಲೆಸಿತು.

"ಬೆನ್ನಿರೋ ಕಡೆ ಸೀಟಿಲ್ಲ, ಸೀಟಿರೋ ಕಡೆ ಬೆನ್ನಿಲ್ಲ," ಎಂದರು ಅತ್ತೆ. ವಕೀಲರು ಜೀವನದಲ್ಲಿ ಮೊದಲ ಬಾರಿಗೆ ಕರಿಕೋಟು ಬಿಚ್ಚಿ, ಸುತ್ತಿ, ಅವರ ಸೊಂಟದ ಹಿಂದೆ ತುರುಕಿದರು. "ಮಂಡಿಗೆ ನೇರವಾಗಿ ತಣ್ಣನೆ ಗಾಳಿ ಬಿಡ್ತಿದೆ ಇದು. ನನ್ನ ಮಂಡಿ ಏನು ತರಕಾರಿನಾ, ಕೆಡದ ಹಾಗೆ ಇಡೋಕೆ?" ಮಗಳು ತನ್ನ ಶಾಲು ಕೊಟ್ಟಳು, ಅದನ್ನು ಗಾಳಿಯ ಕಿಂಡಿಗೆ ಅಡ್ಡಕಟ್ಟಿದ್ದಾಯಿತು. "ಇದನ್ನ ನಿಮ್ಮ ತಲೆಗೆ ಕಟ್ಟಿದವನು ಯಾರು?"

"ಮೇಡಂ, ನೀವು ಹ್ಞೂಂ ಅನ್ನಿ," ವಕೀಲರು ಮುಂದಕ್ಕೆ ಬಾಗಿದರು, "ಮಾರಿದವನ ಮೇಲೆ ಕೇಸು ಹಾಕೋಣ. ಗೆಲ್ಲೋ ಕೇಸು. ಪಟ್ಟೆ ಒಂದೇ ಸಾಕು."

ಪರವಾಗಿಲ್ಲಪ್ಪ ರಸ್ತೆಯನ್ನೇ ನೋಡುತ್ತ, "ಪರವಾಗಿಲ್ಲ ಬಿಡಿ," ಎಂದ.

ದೊಡ್ಡ ಚೌಕದಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಾಕಿದ. ಆರಡಿಗೂ ಮೀರಿದ ಆಳು. ಕಿಟಕಿಯ ಹತ್ತಿರ ಬರಬೇಕಾದರೆ ಎರಡು ಮಡಿಕೆಯಾಗಬೇಕಾಯಿತು.

"ಇದು ಯಾವ ಕಂಪನಿ ಗಾಡಿ?"

"ಹೇಳೋ ಹಾಗಿಲ್ಲ ಸಾರ್."

"ಯಾವ ಮಾಡೆಲ್ಲು?"

"ಅದೂ ಹೇಳೋ ಹಾಗಿಲ್ಲ ಸಾರ್."

"ಹೆಸರು?"

"ಇನ್ನೂ ಇಟ್ಟಿಲ್ಲ ಸಾರ್."

"ನಿನ್ನ ಹೆಸರು ಕೇಳಿದ್ದು ಕಣಯ್ಯಾ!"

ಪರವಾಗಿಲ್ಲಪ್ಪ ಬೆವರುತ್ತ ಕಂಪನಿಯ ಪರವಾನಗಿಗಾಗಿ ಎಲ್ಲ ಜೇಬು ತಡಕಾಡುತ್ತಿದ್ದರೆ, ಅತ್ತೆ ಆ ಪೊಲೀಸನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದರು.

"ಏನಪ್ಪಾ, ನೀನು ಎತ್ತರ ಇದ್ದೀಯ. ಬಾ, ಹಿಂದೆ ಕೂತ್ಕೋ. ಮಂಡಿ ಎಲ್ಲಿಗೆ ಬರುತ್ತೆ ನೋಡೋಣ."

ತಲೆಮಾರುಗಳನ್ನು ಬೆಂಚಿನ ಮೇಲೆ ಕೂರಿಸಿದ ದನಿ ಅದು. ಪೊಲೀಸಿನವನು ತಾನೇಕೆ ಬಾಗಿಲು ತೆಗೆದೆನೆಂದು ತಿಳಿಯುವಷ್ಟರಲ್ಲಿ ವಕೀಲರನ್ನು ಒತ್ತರಿಸಿ ಕೂತಾಗಿತ್ತು. "ಮಂಡಿ ಗದ್ದಕ್ಕೆ ಬಂತು ಮೇಡಂ," ಎಂದು ವರದಿ ಒಪ್ಪಿಸಿದ. ಅತ್ತೆ "ಹಿಂದಿನ ಸೀಟಿಗೆ ಹದಿನೆಂಟು" ಎಂದರು. ಅವನು, "ಹೇಗೂ ಹತ್ತಿದ್ದೀನಲ್ಲ, ಮುಂದಿನ ಚೌಕದಲ್ಲಿ ಇಳಿಸಿಬಿಡಿ," ಎಂದು ಸೀಟಿ ಊದಿ ತಾನೇ ದಾರಿ ಬಿಡಿಸಿದ. ಪರವಾಗಿಲ್ಲಪ್ಪನ ಪರವಾನಗಿ ಸಿಕ್ಕಿದ್ದು ಅವನು ಇಳಿದುಹೋದ ಮೇಲೆ.

ಮನೆ ತಲುಪಿದಾಗ ಎಲ್ಲರೂ ಇಳಿದರು. ಅತ್ತೆ ಇಳಿಯಲಿಲ್ಲ. ಸೊಂಟದ ಹಿಂದೆ ಕೋಟು, ಮಂಡಿಗೆ ಗಾಳಿ ಬಡಿಯದಂತೆ ಶಾಲು, ಕೆಳಗೆ ಮೃದುವಾಗಿ ಗುನುಗುವ ಎಂಜಿನ್. ಅವರಿಗೆ ಗಾಢವಾದ ನಿದ್ದೆ ಹತ್ತಿತ್ತು. ಮಗಳು ಭುಜ ಮುಟ್ಟಿ ಎಬ್ಬಿಸಿದಳು. "ಅಮ್ಮಾ, ಮನೆ ಬಂತು. ಇಳಿ."

ಅತ್ತೆ ಅರೆಗಣ್ಣು ತೆರೆದರು. ಮೂವತ್ತೈದು ಕೊಟ್ಟವರ ದನಿಯೇ ಅಲ್ಲ ಅದು. ಬೆಣ್ಣೆ ಕರಗಿದ ಹಾಗೆ ಮೆಲ್ಲಗೆ, "ಇಳಿಯೋದು ಯಾಕೆ?" ಎಂದು, ಮತ್ತೆ ಕಣ್ಣು ಮುಚ್ಚಿದರು.

ಭಾನುವಾರ ಪರವಾಗಿಲ್ಲಪ್ಪ ಒಬ್ಬನೇ ಗಾಡಿಯಲ್ಲಿ ಕೂತು, ಕರವಸ್ತ್ರ ತೆಗೆದು, ಕೆಂಪು ದೀಪದ ಮುಂದೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಸೀಟು ಪರವಾ... ಸೀಟು ಸೀಟಿನ ಹಾಗೇ ಇದೆ. ಬಾಗಿಲು ಎರಡೂ ಕಡೆ ಇದೆ. ಚಕ್ರ ದುಂಡಗಿದೆ." ಮಧ್ಯಾಹ್ನದವರೆಗೆ ಹೆಣಗಿ, ಒಂದೂ ಪರವಾಗಿಲ್ಲ ಇಲ್ಲದ ಭಾಷಣ ಮುಗಿಸಿ, ಬದುಕಿದೆ ಎಂದುಕೊಂಡ.

ಸೋಮವಾರದ ಸಭಾಂಗಣವನ್ನು ಅವನು ಸಾಯುವವರೆಗೆ ಮರೆಯಲಾರ. ನಲವತ್ತು ದೇಶಗಳ ವಿತರಕರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಸಾಲಾಗಿ ಕೂತಿದ್ದರು. ಹಿಂದಿನ ಗಾಜಿನ ಗೂಡುಗಳಲ್ಲಿ ದುಭಾಷಿಗಳು. ದೊಡ್ಡ ಸಾಹೇಬರು ಎದ್ದು, "ನಮ್ಮ ಪರೀಕ್ಷಾ ವಿಭಾಗದ ಅಭಿಪ್ರಾಯ ಕೇಳೋಣ," ಎಂದು ಕೈ ತೋರಿಸಿದರು. ಪರವಾಗಿಲ್ಲಪ್ಪ ತನ್ನ ದುಂಡಗಿನ ಚಕ್ರಕ್ಕಾಗಿ ಕಾಯುತ್ತ ನಸುನಕ್ಕ.

"ಏನ್ ಸ್ವಾಮಿ, ಗಾಡಿಗೆ ಚರ್ಮರೋಗವೇ?" ಎಂದು ಸಭಾಂಗಣದ ನಾಲ್ಕೂ ಗೋಡೆಗಳು ಕೇಳಿದವು.

ಕರವಸ್ತ್ರದ ಕೆಳಗೆ ರೆಕಾರ್ಡರ್ ಮಲಗಿರಲಿಲ್ಲ. ಒಂದು ಕ್ಷಣವೂ ರೆಪ್ಪೆ ಮುಚ್ಚಿರಲಿಲ್ಲ. ಪರವಾಗಿಲ್ಲಪ್ಪ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎಂದು ಕಾಲಕೆಳಗೆ ನೋಡಿದ. ಒಳ್ಳೆಯ ಗಟ್ಟಿ ನೆಲ.

ಜಿರಾಫೆ ಬಂತು. ಗಾಜಿನ ಗೂಡುಗಳಲ್ಲಿ ದುಭಾಷಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇರೆ ದಾರಿ ಕಾಣದೆ, ಜಿರಾಫೆಯನ್ನು ಭಾಷೆ ಭಾಷೆಗೂ ಹತ್ತಿಸಿದರು. ಬಾಗಿಲು ಬಡಿದ ಸದ್ದಿಗೆ ಮುಂದಿನ ಸಾಲು ಬೆಚ್ಚಿಬಿದ್ದಿತು. ದೊಡ್ಡ ಸಾಹೇಬರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ಹೊರಗಿನವರು ಹತ್ತಬಾರದ ಗಾಡಿಯಲ್ಲಿ ಒಂದು ಸಂಸಾರ, ಒಬ್ಬ ವಕೀಲ, ಒಬ್ಬ ಪೊಲೀಸು ಸವಾರಿ ಮಾಡುತ್ತಿದ್ದರು.

ತರಕಾರಿಯಂಥ ಮಂಡಿಯ ಮಾತು ಬಂದಾಗ, ಊರುಗೋಲು ಹಿಡಿದು ಕೂತಿದ್ದ ಒಬ್ಬ ಮುದುಕ ವಿತರಕರು ಏನೋ ಕೂಗಿ ತಮ್ಮ ಮಂಡಿಗೆ ಬಡಿದುಕೊಂಡರು. ದುಭಾಷಿ ನಡುಗುತ್ತ ಅನುವಾದಿಸಿದ: "ನನ್ನ ಮಂಡಿಗೂ ಹಾಗೇ ಆಯ್ತು, ನಾನು ಮರ್ಯಾದೆಗೆ ಹೇಳಲಿಲ್ಲ ಅಂತಿದ್ದಾರೆ." ಅದನ್ನು ಕೇಳಿ ಪಕ್ಕದವರು ಬಾಗಿಲಿನ ವಿಷಯ ಒಪ್ಪಿಕೊಂಡರು. ಇನ್ನೊಬ್ಬರು ಬೆನ್ನು ಮುಟ್ಟಿ ತೋರಿಸಿದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಆ ಗದ್ದಲದಲ್ಲಿ ಪರವಾಗಿಲ್ಲಪ್ಪನ "ಪರವಾಗಿಲ್ಲ ಬಿಡಿ" ಯಾರ ಕಿವಿಗೂ ಬೀಳದೆ ದಾಟಿಹೋಯಿತು. ಮಾರ್ಕು ಕೊಟ್ಟಾಗಲೆಲ್ಲ ಎಲ್ಲರೂ ಬರೆದುಕೊಳ್ಳತೊಡಗಿದರು.

ಕೊನೆಗೆ ಎಂಜಿನ್ನಿನ ಗುನುಗು ಮಾತ್ರ ಉಳಿಯಿತು. ಅದರ ಮೇಲೆ ತೇಲಿಬಂತು: "ಇಳಿಯೋದು ಯಾಕೆ?"

ಯಾರೂ ನಗಲಿಲ್ಲ. ಮಾರಾಟದ ಮೇಡಂ ಮೆಲ್ಲಗೆ ಎದ್ದು ನಿಂತಳು. "ಸಾರ್, ಎರಡು ವರ್ಷದಿಂದ ನಾನು ಹುಡುಕ್ತಿದ್ದ ಮಾತು ಇದು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳು ಅಳುವುದನ್ನು ಕಂಪನಿಯಲ್ಲಿ ಯಾರೂ ನೋಡಿರಲಿಲ್ಲ, ಅಳಿಸುವುದನ್ನು ಮಾತ್ರ ನೋಡಿದ್ದರು.

ವಿತರಕರ ಚಪ್ಪಾಳೆಯ ನಡುವೆ ದೊಡ್ಡ ಸಾಹೇಬರು ಪರವಾಗಿಲ್ಲಪ್ಪನ ಕಿವಿಯಲ್ಲಿ ಕೇಳಿದರು: "ಯಾರಯ್ಯಾ ಅದು?"

"ಪ-ಪರೀಕ್ಷಕರು ಸಾರ್. ತುಂಬಾ ಹಿರಿಯರು."

ಅದೂ ಸತ್ಯವೇ. "ನಮ್ಮ ಹಿರಿಯ ಪರೀಕ್ಷಕರು," ಎಂದು ಸಾಹೇಬರು ಅತಿಥಿಗಳಿಗೆ ಎದೆಯುಬ್ಬಿಸಿ ಸಾರಿದರು. ಆಮೇಲೆ ಇವನ ಕಡೆ ತಿರುಗಿ, "ನಾಳೆ ಅವರನ್ನ ಕರ್ಕೊಂಡು ಬಾ," ಎಂದರು.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿಸಿದಾಗ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. "ಗಾಡಿ ವಾಪಸ್ ಕೊಡೋಕೆ ನಾನೂ ಬರಬೇಕು ಅಂತಲೇ ಇದ್ದೆ. ವಕೀಲರನ್ನೂ ಕರೀರಿ."

ಮಂಗಳವಾರ ಅತ್ತೆ ಕಾರ್ಖಾನೆಯ ವಿನ್ಯಾಸದ ಕೋಣೆಗೆ ಕಾಲಿಟ್ಟಾಗ ಎಂಜಿನಿಯರುಗಳೆಲ್ಲ ಎದ್ದು ನಿಂತರು. ಯಾಕೆ ಎದ್ದೆವೆಂದು ಅವರಿಗೆ ತಿಳಿಯದು.

"ಸೀಟು ಮಾಡಿದವರು ಯಾರು?" ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು. "ನಿಮ್ಮ ಅಮ್ಮನ್ನ ಇದರಲ್ಲಿ ಒಂದು ಸಲ ಕೂರಿಸಿದ್ದೀರಾ?"

"ಇಲ್ಲ ಮೇಡಂ. ಕಂಪ್ಯೂಟರಿನಲ್ಲಿ ಕೂರಿಸಿದ್ವಿ."

"ಕೂತ್ಕೊಳ್ಳಿ," ಎಂದು ಅತ್ತೆ ನಿಟ್ಟುಸಿರು ಬಿಟ್ಟು, ದೊಡ್ಡ ಸಾಹೇಬರ ಕಡೆ ತಿರುಗಿದರು. "ನೋಡಿ, ಮೆಟ್ಟಿಲು, ಬಾಗಿಲು, ಬೆನ್ನು, ಮಂಡಿ, ಇಷ್ಟನ್ನ ಸರಿಮಾಡಿ ಕೊಟ್ರೆ ನಮ್ಮ ಅಳಿಯಂದ್ರು ಗಾಡಿ ಇಟ್ಕೊತಾರೆ. ಇಲ್ಲಾಂದ್ರೆ ವಾಪಸ್ ತಗೊಳ್ಳಿ. ವಕೀಲರು ಜೊತೆಗೇ ಇದ್ದಾರೆ."

"ಯಾವ ಅಳಿಯ?" ಎಂದರು ಸಾಹೇಬರು.

ಕೋಣೆಯ ಕಣ್ಣುಗಳೆಲ್ಲ ಪರವಾಗಿಲ್ಲಪ್ಪನ ಮೇಲೆ ಬಿದ್ದವು. ಇನ್ನು ತಪ್ಪಿಸಿಕೊಳ್ಳಲು ಕರವಸ್ತ್ರವೂ ಸಾಲದು. ಅವನಿಗೆ ನಾಚಿಕೆಯಾಯಿತು. ಸಾಹೇಬರ ಮುಂದೆ ಆದದ್ದಕ್ಕಿಂತ ಅತ್ತೆಯ ಮುಂದೆ ಹೆಚ್ಚು ನಾಚಿಕೆಯಾಯಿತು.

"ಗಾಡಿ ನಂದಲ್ಲ ಅತ್ತೆ. ನಾನು ಬರೀ ಓಡಿಸೋನು. ಗೇಟಿನಲ್ಲಿ ಸಹಿ ಹಾಕ್ತೀನಿ, ಅಷ್ಟೇ. ನೀವು ಒಂದು ಮಾರ್ಕಾದ್ರೂ ಜಾಸ್ತಿ ಕೊಡ್ತೀರೇನೋ ಅಂತ..."

"ಗುಟ್ಟಿನ ಗಾಡೀಲಿ ಅತ್ತೇನ ಮೆರವಣಿಗೆ ಮಾಡಿದ್ಯಾ!" ಸಾಹೇಬರು ಮೇಜು ಗುದ್ದಿದರು. "ನೀನು ಈಗಿಂದೀಗಲೇ ಗೋಡೌ..."

"ಸ್ವಲ್ಪ ತಾಳಿ," ಎಂದರು ಅತ್ತೆ. ಸಾಹೇಬರು ತಾಳಿದರು. "ಸುಳ್ಳು ಹೇಳಿದ್ದಕ್ಕೆ ಹತ್ತು ಮಾರ್ಕು ಕಟ್. ಮೂವತ್ತೈದರಲ್ಲಿ ಹತ್ತು ಹೋದ್ರೆ ಇಪ್ಪತ್ತೈದು. ಫೇಲು. ಶಿಕ್ಷೆ ಆಯ್ತಲ್ಲ, ಒಂದು ತಪ್ಪಿಗೆ ಎರಡು ಶಿಕ್ಷೆ ಯಾವ ಸ್ಕೂಲಲ್ಲೂ ಇಲ್ಲ."

"ಕಾನೂನಿನಲ್ಲೂ ಇಲ್ಲ," ಎಂದು ವಕೀಲರು ದನಿಗೂಡಿಸಿದರು.

ಸಾಹೇಬರು ಕುರ್ಚಿಯಲ್ಲಿ ಕುಸಿದು, "ಗಾಡಿ ಬಿಡುಗಡೆ ಆಗೋ ತನಕ ಇರು. ಆಮೇಲೆ ನೋಡೋಣ," ಎಂದರು. ಪರವಾಗಿಲ್ಲಪ್ಪನ ಗೋಡೌನು ಮುಂದಕ್ಕೆ ಹೋಗಿತ್ತು, ಇಪ್ಪತ್ತೈದು ಮಾತ್ರ ಅಲ್ಲೇ ನಿಂತಿತ್ತು.

ಗಾಡಿ ಬದಲಾಯಿತು. ಬಾಗಿಲ ಕೆಳಗೆ ಮೆಟ್ಟಿಲು ಬಂತು. ಸೊಂಟದ ಹಿಂದೆ ಉಬ್ಬು ಬಂತು. ವಕೀಲರ ಕೋಟಿನ ಸುರುಳಿಯನ್ನೇ ಅಳತೆಗೆ ತೆಗೆದುಕೊಂಡಿದ್ದರು. ಬಾಗಿಲು ಬೆರಳು ತಗುಲಿಸಿದರೆ ಮುಚ್ಚುವಂತಾಯಿತು. ಹಿಂದಿನ ಸೀಟಿನಲ್ಲಿ ಪೊಲೀಸನನ್ನು ಕರೆಸಿ ಕೂರಿಸಿ, ಮಂಡಿ ಗದ್ದದಿಂದ ದೂರವಾಗುವವರೆಗೆ ಸೀಟನ್ನು ಹಿಂದಕ್ಕೆ ತಳ್ಳಿದರು. ಅತ್ತೆ ಅಷ್ಟೂ ಕಾಲ ಮಗಳ ಮನೆಯಲ್ಲೇ ಉಳಿದು ಆಗಾಗ ಬಂದು ತಿದ್ದಿದರು.

ಬಿಡುಗಡೆಯ ಹಿಂದಿನ ದಿನ ಜಾಹೀರಾತಿನ ಪ್ರದರ್ಶನ. ವಿತರಕರೆಲ್ಲ ಮತ್ತೆ ಬಂದಿದ್ದರು. ಅತ್ತೆಗೂ ಆಮಂತ್ರಣವಿತ್ತು, ಕೊನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದರು. ತೆರೆಯ ಮೇಲೆ ಗಾಡಿ ಹಿಮದಲ್ಲಿ ಓಡಿತು, ಮರಳುಗಾಡಿನಲ್ಲಿ ಓಡಿತು, ಸಮುದ್ರದಂಚಿನಲ್ಲಿ ನಿಂತಿತು. ಆಗ ಜೇನಿನಲ್ಲಿ ಅದ್ದಿ ತೆಗೆದಂಥ ಒಂದು ಹೆಣ್ಣು ದನಿ ಉಸುರಿತು: "ಇಳಿಯೋದು ಯಾಕೆ?" ದೊಡ್ಡ ಸಾಹೇಬರೇ ಖುದ್ದಾಗಿ ಆರಿಸಿದ್ದ ದನಿ. ಪಕ್ಕದಲ್ಲಿ ಮಾರಾಟದ ಮೇಡಂ ಮುಖ ಊದಿಸಿಕೊಂಡು ಕೂತಿದ್ದಳು.

"ಹೇಗಿದೆ?" ಎಂದರು ಸಾಹೇಬರು. ಅದ್ಭುತ ಎಂದ ಲೆಕ್ಕದ ಮುಖ್ಯಸ್ಥ. ಅಮೋಘ ಎಂದ ಬಣ್ಣದ ಮುಖ್ಯಸ್ಥ. ಸರದಿ ಪರವಾಗಿಲ್ಲಪ್ಪನ ಹತ್ತಿರ ಬಂದಾಗ, ಉತ್ತರ ಎಲ್ಲರಿಗೂ ಗೊತ್ತಿದ್ದರಿಂದ ಸಾಹೇಬರು ಅವನನ್ನು ದಾಟಿ ಮುಂದಕ್ಕೆ ನೋಡಿದರು.

"ಚೆನ್ನಾಗಿಲ್ಲ ಸಾರ್."

ಗಾಜಿನ ಗೂಡಿನಲ್ಲಿ ದುಭಾಷಿಯೊಬ್ಬ ಅದನ್ನು ನಂಬದೆ ಅನುವಾದಿಸಲೇ ಇಲ್ಲ.

"ಏನಂದೆ?"

"ಚೆನ್ನಾಗಿಲ್ಲ ಅಂದೆ ಸಾರ್. ಪರವಾಗಿಲ್ಲ ಅನ್ನೋಕೇ ಹೊರಟೆ, ಬಾಯಿಗೆ ಬರಲಿಲ್ಲ." ಅವನು ಎದ್ದು ನಿಂತ. "ಆ ದನಿಗೆ ಸೊಂಟ ನೋವಿಲ್ಲ ಸಾರ್. ಸೊಂಟ ನೋವಿಲ್ಲದೋರು ಇಳಿಯೋದು ಯಾಕೆ ಅಂದ್ರೆ ಅದು ಸೋಮಾರಿತನ. ರಾತ್ರಿಯೆಲ್ಲ ರೈಲಲ್ಲಿ ಕೂತು ಬಂದೋರು, ಸಿಕ್ಕಿದ್ದಕ್ಕೆಲ್ಲ ತಪ್ಪು ಹುಡುಕೋರು, ಹೊಗಳೋಕೆ ಬಾಯೇ ಬರದೋರು, ಅಂಥವರು ಅಂದ್ರೆ ಅದು ಗಾಡಿ. ನಮ್ಮ ಅತ್ತೆ ದನೀನೇ ಹಾಕಿ ಸಾರ್. ಆಮೇಲೆ ಬೇಕಾದ್ರೆ ನನ್ನ ಗೋಡೌನಿಗೆ ಹಾಕಿ."

ಸಾಹೇಬರು ಬಾಯಿ ತೆರೆಯುವ ಮುಂಚೆ ಮಾರಾಟದ ಮೇಡಂ, "ಎರಡನ್ನೂ ಹಾಕಿ ನೋಡೋಣ ಸಾರ್," ಎಂದು ಎದ್ದೇಬಿಟ್ಟಳು. ಎರಡನೆಯ ಸಲ ಹಿಮ, ಮರಳು, ಸಮುದ್ರ ಎಲ್ಲ ಹಾಗೆಯೇ ಬಂದವು. ಕೊನೆಗೆ ನಿದ್ದೆಗಣ್ಣಿನ, ಸ್ವಲ್ಪ ಗೊಗ್ಗರು, ಸ್ವಲ್ಪ ಬೆಣ್ಣೆ ಬೆರೆತ ಆ ದನಿ ಕೇಳಿತು. ಮುದುಕ ವಿತರಕರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಆಮೇಲೆ ಚಪ್ಪಾಳೆ ನಿಲ್ಲಿಸಲು ದೀಪ ಆರಿಸಬೇಕಾಯಿತು. ಕೊನೆಯ ಸಾಲಿನಲ್ಲಿ ಅತ್ತೆ ಸೆರಗಿನಿಂದ ಕನ್ನಡಕ ಒರೆಸುತ್ತ, ಧೂಳು ಜಾಸ್ತಿ ಎಂದು ಸಭಾಂಗಣಕ್ಕೆ ನಲವತ್ತು ಮಾರ್ಕು ಕೊಟ್ಟರು.

ಮುಂದಿನದು ನಲವತ್ತು ದೇಶಗಳಿಗೂ ಗೊತ್ತು. ಎಲ್ಲ ಕಡೆ ಅದೇ ಗಾಡಿ, ಅದೇ ದನಿ, ಅತ್ತೆಯ ಅದೇ ಭಾಷೆ. ಕೆಳಗೆ ಆಯಾ ದೇಶದ ಅಕ್ಷರ. ಅಂಗಡಿಗಳಿಂದ ದೂರುಗಳ ಸುರಿಮಳೆಯಾಯಿತು. ಒಂದೇ ದೂರು: ನೋಡಲು ಬಂದವರು ಹತ್ತಿ ಕೂತರೆ ಇಳಿಯುತ್ತಿಲ್ಲ, ಹಿಂದೆ ಕಾಯುತ್ತ ನಿಂತ ಗಿರಾಕಿಗಳಿಗೆ ಜಾಗವಿಲ್ಲ, ಇನ್ನಷ್ಟು ಗಾಡಿ ಕಳಿಸಿ. ಕಾರ್ಖಾನೆ ರಾತ್ರಿ ಪಾಳಿ ಆರಂಭಿಸಿತು. ದೊಡ್ಡ ಸಾಹೇಬರು ಹೊಸ ನಿಯಮ ಹೊರಡಿಸಿದರು: ಇನ್ನು ಮುಂದೆ ಯಾವ ಗಾಡಿಯೂ ಒಬ್ಬ ಅತ್ತೆಯಾದರೂ ಕೂತು ನೋಡದೆ ಹೊರಗೆ ಹೋಗಕೂಡದು. ಮದುವೆಯಾಗದ ಎಂಜಿನಿಯರುಗಳು ಅತ್ತೆಯನ್ನು ಎಲ್ಲಿಂದ ತರುವುದೆಂದು ತಲೆ ಮೇಲೆ ಕೈ ಹೊತ್ತರು. ಹೊಸದಾಗಿ ತೆರೆದ ಸಂಸಾರ ಪರೀಕ್ಷಾ ವಿಭಾಗಕ್ಕೆ ಪರವಾಗಿಲ್ಲಪ್ಪನೇ ಮುಖ್ಯಸ್ಥ. ಈಗ ನಿಜವಾಗಿಯೂ ಅವನ ಸಹಿ ಇಲ್ಲದೆ ಗಾಡಿ ಗೇಟು ದಾಟುತ್ತಿರಲಿಲ್ಲ.

ಅತ್ತೆ ಊರಿಗೆ ಹೊರಟ ದಿನ ಅವನು ಕಂಪನಿ ಕೊಟ್ಟ ಹೊಸ ಗಾಡಿಯಲ್ಲಿ, ಪಟ್ಟೆಯಿಲ್ಲದ್ದರಲ್ಲಿ, ಅವರನ್ನು ಸ್ಟೇಷನ್ನಿಗೆ ಕರೆತಂದ. ಮೆಟ್ಟಿಲು ತಾನಾಗಿ ಕೆಳಗಿಳಿಯಿತು. ರೈಲಿನ ಗಂಟೆಯಾಯಿತು. ಅತ್ತೆ ಅಲುಗಲಿಲ್ಲ.

"ಅಳಿಯಂದ್ರೆ, ನಿಮ್ಮ ಉತ್ತರಪತ್ರಿಕೆ ಮರುಮೌಲ್ಯಮಾಪನ ಮಾಡಿದ್ದೀನಿ."

ಪರವಾಗಿಲ್ಲಪ್ಪ ಎಂಜಿನ್ ಆರಿಸಿದ.

"ಅವತ್ತು ಅಷ್ಟು ಜನರ ಮುಂದೆ ಎದ್ದು ನಿಂತು ಚೆನ್ನಾಗಿಲ್ಲ ಅಂದ್ರಲ್ಲ, ನನಗೆ ಹೆಮ್ಮೆ ಆಯ್ತು." ಅತ್ತೆ ಕೆಳಗಿಳಿದು, ಬಾಗಿಲಿಗೆ ಒಂದು ಬೆರಳು ತಗುಲಿಸಿ, ಅದು ಸದ್ದಿಲ್ಲದೆ ಮುಚ್ಚಿಕೊಂಡದ್ದನ್ನು ನೋಡಿ ತಲೆದೂಗಿದರು. "ಮೂವತ್ತಾರು."

ಸ್ಟೇಷನ್ನಿನಿಂದ ಮನೆಯವರೆಗೆ ಅವನು ಹಾರ್ನಿನಿಂದ ಕೈ ತೆಗೆಯಲಿಲ್ಲ. ದೊಡ್ಡ ಚೌಕದ ಪೊಲೀಸು ಅದು ಯಾರೆಂದು ನೋಡಿ, ನಗುತ್ತ ಸೆಲ್ಯೂಟ್ ಹೊಡೆದು, ಬೇರೆಲ್ಲ ಗಾಡಿ ನಿಲ್ಲಿಸಿ ದಾರಿ ಬಿಟ್ಟ. ಮೇಲಿನ ಮನೆಯ ವಕೀಲರು ಬಾಲ್ಕನಿಗೆ ಓಡಿಬಂದರು. ಹೆಂಡತಿ ಗಾಬರಿಯಾಗಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬೀದಿಗೆ ಬಂದಳು.

"ಏನ್ರೀ ಆಯ್ತು? ಅಮ್ಮ ರೈಲು ಹತ್ತಿದ್ರಾ?"

"ಹತ್ತಿದ್ರು ಕಣೇ! ಮೂವತ್ತಾರು! ನಿಮ್ಮಮ್ಮ ನನಗೆ ಮೂವತ್ತಾರು ಕೊಟ್ರು!"

ಹೆಂಡತಿಯ ಕೈಯಿಂದ ಸೌಟು ಜಾರಿಬಿತ್ತು. ಅವಳು ಕಣ್ಣರಳಿಸಿ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಅಯ್ಯೋ ದೇವರೇ! ನನಗೆ ಇವತ್ತಿಗೂ ಮೂವತ್ತನಾಲ್ಕೇ ಕಣ್ರೀ!"